ರೆಕ್ಸ್‌ನ ಜೊತೆ ಸಂಧಾನ

ಕೇಳುಗರಿಗೆ ನಮಸ್ಕಾರ.

ಶಿರಸಿ ಕಡೆ ಆಷಾಢದ ಮಳೆ ಹಿಡಿಯಿತು ಅಂದರೆ ಗೊತ್ತಲ್ಲ, ಅಡಿಕೆಗೆ ಕೊಳೆ ಮದ್ದು ಹೊಡೆಯುವವರೂ ಕೈಕಟ್ಟಿ ಕೂತಿರುತ್ತಾರೆ. ಅಂಥದ್ದೊಂದು ವಾರ ಊರಮನೆಯಲ್ಲಿ ಕೂತು ಮಾಸ್ ಎಫೆಕ್ಟ್ ಆಡಿದೆ. ಕೆನಡಾದ ಬಯೋವೇರ್ ಕಂಪನಿ 2007ರಲ್ಲಿ ತಂದ ವಿಡಿಯೋ ಗೇಮ್ ಅದು. ನೀವು ಶೆಪರ್ಡ್ ಎಂಬ ಸೇನಾಧಿಕಾರಿ. ನಾರ್ಮಂಡಿ ಎಂಬ ಹಡಗು ಹತ್ತಿ ಗ್ರಹದಿಂದ ಗ್ರಹಕ್ಕೆ ತಿರುಗಬೇಕು. ಗುಂಡು ಹಾರಿಸುವುದೂ ಇದೆ, ಅದು ನನಗೆ ಅಷ್ಟಕ್ಕಷ್ಟೇ.

ಹಿಂದೆ ಕವಳ ಹಾಕುತ್ತ ಕೂತಿದ್ದ ಅಪ್ಪಯ್ಯ ಸ್ವಲ್ಪ ಹೊತ್ತು ನೋಡಿ, "ಬಡಿದಾಟಕ್ಕಿಂತ ಮಾತೇ ಜಾಸ್ತಿ ಇದ್ದಲೋ ತಮಾ" ಅಂದರು. ಸರಿಯಾಗೇ ಹಿಡಿದಿದ್ದರು. ಎದುರಿನವನು ಮಾತಾಡಿದ ಮೇಲೆ ನಾವೇನು ಹೇಳಬೇಕು ಎಂದು ಆರಿಸುವುದೇ ಈ ಆಟದ ಜೀವ. ಥೇಟ್ ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ; ಪಾತ್ರವಾಗಿ ಆಡುವ ಮಾತಿಗೆ ಅರ್ಥ ಅನ್ನುತ್ತಾರೆ. ಪ್ರಸಂಗ ಅವರದ್ದು, ಅರ್ಥ ನಮ್ಮದು.

ವರ್ಮೈರ್ ಎಂಬ ಗ್ರಹಕ್ಕೆ ಬರೋಣ. ನೀಲಿ ಕಡಲು, ಬಂಡೆ, ಮರಳು, ಸುಮ್ನೆ ನೋಡಿದರೆ ನಮ್ಮ ಗೋಕರ್ಣದ ಆಚೆಯ ತೀರವೇ. ಅಲ್ಲಿ ನಮ್ಮದೇ ತಂಡದ ರೆಕ್ಸ್ ಬಂದೂಕು ಹಿಡಿದು ನಮಗೇ ಎದುರು ನಿಲ್ಲುತ್ತಾನೆ. ಕ್ರೋಗನ್ ಜಾತಿಯವನು, ಬೆನ್ನ ಮೇಲೆ ಗೂನು, ಆಮೆಯಂಥ ಮುಖ. ಅವನ ಜನಕ್ಕೆ ಬೇರೆಯವರು ಹಬ್ಬಿಸಿದ ರೋಗವೊಂದಿದೆ. ಹುಟ್ಟುವ ಮಕ್ಕಳಲ್ಲಿ ಬದುಕುವುದು ಸಾವಿರಕ್ಕೊಂದು. ಅದಕ್ಕೆ ಮದ್ದು ಇರುವ ಕಟ್ಟಡವನ್ನೇ ನಾವು ಸಿಡಿಸಲು ಹೊರಟಿದ್ದೇವೆ. ಅವನ ಸಿಟ್ಟಿನಲ್ಲಿ ತಪ್ಪೇನಿದೆ ಹೇಳಿ!

ನಾನು ಅವಸರದಲ್ಲಿ ಗದರುವ ಮಾತು ಆರಿಸಿದೆ. ರೆಕ್ಸ್ ಸತ್ತ.

"ನೀ ಹೇಳಿದ ಅರ್ಥ ಸರಿಯಾಜಿಲ್ಲೆ" ಅಂತ ಅಪ್ಪಯ್ಯ ಎದ್ದು ಹೋಗಿ ಕವಳ ಉಗಿದು ಬಂದರು. ಅಷ್ಟರಲ್ಲಿ ಕರೆಂಟೂ ಹೋಯಿತು. ಆಟ ಸೇವ್ ಮಾಡಿರಲಿಲ್ಲ. ಮೂರು ತಾಸಿನ ಆಟ ನೀರಿಗೆ ಬಿತ್ತು. ಆದರೆ ಸತ್ತವನೂ ಬದುಕಿದ, ಅಲ್ವಾ?

ಮರುದಿನ ಆ ಗ್ರಹಕ್ಕೆ ಇಳಿಯುವ ಮೊದಲೇ ಬೇರೆ ದಾರಿ ಹಿಡಿದೆ. ರೆಕ್ಸ್‌ನ ಮನೆತನದ ಹಳೇ ಕವಚವೊಂದು ಕಳ್ಳರ ಅಡ್ಡೆಯಲ್ಲಿದೆ. ಅದನ್ನು ತಂದುಕೊಟ್ಟರೆ ಆ ತೀರದಲ್ಲಿ ಅವನು ನಮ್ಮ ಮಾತು ಕೇಳುತ್ತಾನೆ. ಕವಚದ ಸುದ್ದಿ ಕೇಳಿ ಅಪ್ಪಯ್ಯನಿಗೆ ಕರ್ಣ ನೆನಪಾಗದೆ ಇರುತ್ತಾನೆಯೇ! ಅರ್ಧ ಗಂಟೆ ಅದೇ ಆಯಿತು.

ನಮ್ಮ ಕೃಷ್ಣ ಸಂಧಾನದಲ್ಲಿ ಅರ್ಥಧಾರಿ ಎಷ್ಟೇ ಚಂದ ಮಾತಾಡಲಿ, ಸಂಧಾನ ಮುರಿಯಲೇಬೇಕು. ಇಲ್ಲಿ ಮುರಿಯಲಿಲ್ಲ. ರೆಕ್ಸ್ ಬಂದೂಕು ಇಳಿಸಿದ. ಹಾಗಂತ ಎಲ್ಲ ನಮ್ಮ ಕೈಯಲ್ಲಿಲ್ಲ. ಅದೇ ಗ್ರಹದಲ್ಲಿ ಸ್ವಲ್ಪ ಹೊತ್ತಿಗೇ ನಮ್ಮ ತಂಡದ ಆಶ್ಲಿ, ಕೈಡನ್ ಇಬ್ಬರಲ್ಲಿ ಒಬ್ಬರನ್ನು ಸಾಯಲು ಬಿಟ್ಟು ಬರಬೇಕು. ಯಾವ ಮಾತೂ ಅಲ್ಲಿ ನಡೆಯುವುದಿಲ್ಲ. ನಾನು ಹತ್ತು ನಿಮಿಷ ಏನನ್ನೂ ಒತ್ತದೆ ಕೂತಿದ್ದೆ.

2010ರಲ್ಲಿ ಬಂದ ಎರಡನೇ ಭಾಗಕ್ಕೆ ಹಳೇ ಸೇವ್, ಅಂದರೆ ಮೊದಲ ಭಾಗದಲ್ಲಿ ಉಳಿಸಿಟ್ಟ ಆಟವನ್ನೇ ಹಾಕಿ ಮುಂದುವರಿಸಿದೆ. ರೆಕ್ಸ್ ತನ್ನ ಊರಿನಲ್ಲಿ ಕುಲದ ಯಜಮಾನನಾಗಿ ಕೂತಿದ್ದ. ಅವನು ಸತ್ತಿದ್ದರೆ ಆ ಜಾಗದಲ್ಲಿ ಬೇರೊಬ್ಬ ಇರುತ್ತಿದ್ದ. ಕಾರವಾರದ ರೂಮಿನಿಂದ ಮನೆಗೆ ಫೋನ್ ಮಾಡಿ ಹೇಳಿದೆ.

"ಕವಚ ಹಾಕ್ಕಂಡಿದ್ನಾ?" ಅಂತ ಕೇಳಿದರು ಅಪ್ಪಯ್ಯ.