ಜಜ್ಜಿದ ಡಬ್ಬದಲ್ಲಿ ಹೊಸ ಫೋನ್ ಬಂದರೆ: ಒಟಿಪಿ ಹೇಳುವ ಮೊದಲು ಏನು ನೋಡಬೇಕು?

ದೃಶ್ಯ: ಮಂಗಳೂರಿನ ಬಿಜೈಯಲ್ಲಿ ಒಂದು ಮನೆಯ ಸಿಟೌಟ್. ಹೊರಗೆ ಆಟಿ ತಿಂಗಳ ಮಳೆ. ಮೇಜಿನ ಮೇಲೆ ಒಂದು ಮೂಲೆ ಜಜ್ಜಿಹೋದ, ಅರ್ಧ ಒದ್ದೆಯಾದ ರಟ್ಟಿನ ಡಬ್ಬ.

ನಿರೂಪಕಿ: ನಮಸ್ಕಾರ. ಈ ಡಬ್ಬದ ಒಂದು ಮೂಲೆ ಒಳಗೆ ಹೋಗಿದೆ, ಟೇಪ್ ಎದ್ದಿದೆ, ತಳ ಒದ್ದೆಯಾಗಿದೆ. ಒಳಗೆ ಇಪ್ಪತ್ತೈದು ಸಾವಿರ ರೂಪಾಯಿಯ ಹೊಸ ಫೋನ್ ಇರಬೇಕು. ಇದೆಯೋ ಇಲ್ಲವೋ ಇನ್ನೂ ಗೊತ್ತಿಲ್ಲ. ರೈನ್‌ಕೋಟ್ ತೊಟ್ಟ ಹುಡುಗ ಮೆಟ್ಟಿಲ ಮೇಲೆ ನಿಂತು ‘ಒಟಿಪಿ ಹೇಳಿ’ ಎನ್ನುತ್ತಿದ್ದಾನೆ. ಅವನಿಗೆ ಇನ್ನೂ ಹತ್ತಾರು ಮನೆ ಬಾಕಿ ಇರುತ್ತದೆ, ಅವನ ಮೇಲೆ ರೇಗುವುದರಿಂದ ನಿಮಗೇನೂ ಸಿಗುವುದಿಲ್ಲ. ಆದರೆ ಆ ಸಂಖ್ಯೆಯನ್ನು ಹೇಳಲೂ ಅವಸರ ಮಾಡಬೇಡಿ. ನೀವು ಒಟಿಪಿ ಹೇಳಿದ ಕ್ಷಣಕ್ಕೆ ‘ವಸ್ತು ತಲುಪಿದೆ’ ಎಂದು ದಾಖಲಾಗುತ್ತದೆ. ‘ಓಪನ್ ಬಾಕ್ಸ್ ಡೆಲಿವರಿ’, ಅಂದರೆ ಬಾಗಿಲಲ್ಲೇ ಡಬ್ಬ ತೆರೆದು ತೋರಿಸಿ ಕೊಡುವ ವ್ಯವಸ್ಥೆ, ಇದ್ದರಂತೂ ‘ತೆರೆದು ನೋಡಿದ್ದೇನೆ, ಸರಿಯಾಗಿದೆ’ ಎಂದು ಒಪ್ಪಿಕೊಂಡ ಹಾಗೆಯೇ. ಆಮೇಲೆ ವಾದಿಸಬಾರದೆಂದಿಲ್ಲ, ಆದರೆ ಸಾಬೀತುಪಡಿಸುವ ಹೊರೆ ನಿಮ್ಮ ಹೆಗಲಿಗೆ ಬಂದಿರುತ್ತದೆ.

ತೆರೆಯ ಮೇಲೆ: ಹೊರ ಡಬ್ಬ, ಒಳ ಡಬ್ಬ, ಸೀಲ್

ನಿರೂಪಕಿ: ಮೊದಲು ಡಬ್ಬಕ್ಕೆ ಏನಾಗಿದೆ ಎಂದು ಓದಲು ಕಲಿಯೋಣ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೆಂಗಳೂರು ಕಡೆಯಿಂದ ಹೊರಟ ಪಾರ್ಸೆಲ್ ಶಿರಾಡಿ ಘಾಟಿ ಇಳಿದು, ಗೋದಾಮಿನಲ್ಲಿ ರಾಶಿಯ ನಡುವೆ ಕುಳಿತು, ಕೊನೆಗೆ ಬೈಕಿನ ಚೀಲದಲ್ಲಿ ನಿಮ್ಮ ಅಂಗಳ ಸೇರುತ್ತದೆ. ರಟ್ಟು ಎಂದರೆ ಕಾಗದದ ನಾರು. ಗಾಳಿಯ ತೇವವನ್ನು ಕುಡಿದು, ಆಟಿಯಲ್ಲಿ ಡಬ್ಬಿಯ ಹೊರಗಿಟ್ಟ ಹಪ್ಪಳದ ಹಾಗೆ ಮೆತ್ತಗಾಗುತ್ತದೆ. ಮೇಲೆ ಇನ್ನೆರಡು ಪಾರ್ಸೆಲ್ ಬಿದ್ದರೆ ಕುಸಿಯುತ್ತದೆ, ಟೇಪಿನ ಅಂಟೂ ಬಿಡುತ್ತದೆ. ಹಾಗಾಗಿ ಹೊರಗಿನ ರಟ್ಟು ಸೊರಗಿದೆ ಎಂಬ ಒಂದೇ ಕಾರಣಕ್ಕೆ ಪಾರ್ಸೆಲ್ ವಾಪಸ್ ಕಳಿಸುವುದು ನನ್ನ ಪ್ರಕಾರ ದುಡುಕು. ಒಳಗಿನ ಕಂಪನಿ ಡಬ್ಬ ಒಣಗಿದ್ದು, ನಾಲ್ಕೂ ಮೂಲೆ ನೆಟ್ಟಗಿದ್ದು, ಸೀಲ್ ಗಟ್ಟಿಯಾಗಿದ್ದರೆ ನಾನು ನಿಶ್ಚಿಂತೆಯಿಂದ ತೆಗೆದುಕೊಳ್ಳುತ್ತೇನೆ.

ಹೆದರಬೇಕಾದ ಲಕ್ಷಣಗಳು ಬೇರೆ ಇವೆ. ಸಂಸ್ಥೆಯ ಹೆಸರು ಮುದ್ರಿತವಾದ ಟೇಪಿನ ಮೇಲೆ ಇನ್ನೊಂದು ಸಾದಾ ಟೇಪ್ ಅಂಟಿಸಿದ್ದರೆ ಅನುಮಾನಿಸಿ. ಹರಿದ ಡಬ್ಬವನ್ನು ಗೋದಾಮಿನಲ್ಲೇ ಪ್ರಾಮಾಣಿಕವಾಗಿ ಮತ್ತೆ ಕಟ್ಟಿರಲೂಬಹುದು, ಆದರೆ ನಡುವೆ ಏನಾಯಿತು ಎಂದು ಬಾಗಿಲಲ್ಲಿ ನಿಂತವನಿಗೆ ಹೇಳಲು ಸಾಧ್ಯವಿಲ್ಲ. ಒಳ ಡಬ್ಬದ ಸೀಲ್ ಬ್ಲೇಡಿನಿಂದ ಕೊಯ್ದಂತಿದ್ದರೆ ಯೋಚನೆಯೇ ಬೇಡ, ನಿರಾಕರಿಸಿ. ಕೈಯಲ್ಲಿ ಎತ್ತಿದಾಗ ಏನೋ ಉರುಳಿದ ಸದ್ದಾದರೂ ಅಷ್ಟೇ. ತೂಕ ಒಂದನ್ನೇ ನಂಬಬೇಡಿ: ಈಗಿನ ಫೋನ್‌ಗಳು ಸುಮಾರು 170ರಿಂದ 230 ಗ್ರಾಂ ತೂಗುತ್ತವೆ, ಸಾಬೂನಿನ ಒಂದೆರಡು ಬಿಲ್ಲೆ ಇಟ್ಟರೂ ಅಷ್ಟೇ ಆಗುತ್ತದೆ. ಫೋನ್ ಬದಲು ಸಾಬೂನು ಬಂದ ಸುದ್ದಿಯನ್ನು ನೀವೂ ಓದಿರುತ್ತೀರಿ.

ಒಳ ಡಬ್ಬ ಒದ್ದೆಯಾಗಿದ್ದರೂ ಬೇಡ ಎನ್ನುತ್ತೇನೆ. ‘ಐಪಿ68 ಇದೆಯಲ್ಲ’ ಎಂದು ಯಾರಾದರೂ ಸಮಾಧಾನ ಹೇಳಬಹುದು. ಐಪಿ68 ಎಂದರೆ ಫೋನ್ ನೀರು, ಧೂಳು ತಡೆಯುವ ಮಟ್ಟ. ಆ ಗುಣ ಬೇರೆ, ವಾರಂಟಿ ಬೇರೆ. ನೀರಿನಿಂದಾದ ಹಾನಿಯನ್ನು ಬಹುತೇಕ ಕಂಪನಿಗಳ ವಾರಂಟಿ ಒಳಗೊಳ್ಳುವುದಿಲ್ಲ. ಅನೇಕ ಫೋನ್‌ಗಳ ಒಳಗೆ, ಕೆಲವುದರಲ್ಲಿ ಸಿಮ್ ಟ್ರೇಯ ಕಿಂಡಿಯಲ್ಲಿಯೇ, ನೀರು ತಾಗಿದರೆ ಬಿಳಿಯಿಂದ ಕೆಂಪಾಗುವ ಪುಟ್ಟ ಪಟ್ಟಿಯೊಂದಿರುತ್ತದೆ. ಅದು ಕೆಂಪಾದ ಮೇಲೆ ‘ನನ್ನ ಕೈಗೆ ಬರುವ ಮೊದಲೇ ಹೀಗಿತ್ತು’ ಎಂದು ಸರ್ವಿಸ್ ಸೆಂಟರಿನಲ್ಲಿ ನಂಬಿಸುವುದು ಕಷ್ಟ.

ದೃಶ್ಯ: ಬಸ್ ನಿಲ್ದಾಣದ ಪಕ್ಕದ ಗೂಡಂಗಡಿ. ಬಾಳೆಗೊನೆಯ ಕೆಳಗೆ ಮೂರು ಪಾರ್ಸೆಲ್.

ನಿರೂಪಕಿ: ಈಗ ನಮ್ಮೂರಿನದೇ ಒಂದು ಅಭ್ಯಾಸದ ಬಗ್ಗೆ ಹೇಳಬೇಕು. ಪರ್ಕಳದ ಆಚೆಗೋ ಕಿನ್ನಿಗೋಳಿಯ ಕಡೆಗೋ ಮನೆಗಳು ತೋಟದ ನಡುವೆ ಇರುತ್ತವೆ, ರಸ್ತೆಯಿಂದ ಅರ್ಧ ಕಿಲೋಮೀಟರ್ ಒಳಗೆ. ನೀವು ಮಣಿಪಾಲದಲ್ಲಿಯೋ ಹಂಪನಕಟ್ಟೆಯಲ್ಲಿಯೋ ಕೆಲಸದಲ್ಲಿರುತ್ತೀರಿ. ಕರೆ ಬಂದಾಗ ‘ಅಂಗಡಿಯಲ್ಲಿ ಕೊಟ್ಟುಬಿಡಿ ಮಾರಾಯರೇ’ ಎಂದು ಅಲ್ಲಿಂದಲೇ ಒಟಿಪಿ ಹೇಳಿ ಮುಗಿಸುತ್ತೀರಿ. ಅಕ್ಕಿ, ಚಪ್ಪಲಿ, ಮಿಕ್ಸಿಯ ಜಾರ್ ಆದರೆ ಪರವಾಗಿಲ್ಲ. ಫೋನಿಗೆ ಮಾತ್ರ ಇದು ಬೇಡ. ಸಂಜೆ ನೀವು ಡಬ್ಬ ತೆರೆದಾಗ ಒಳಗೆ ಇಟ್ಟಿಗೆ ಇದ್ದರೆ, ಪಾಪ, ಅಂಗಡಿಯವರೂ ಅನುಮಾನಕ್ಕೆ ಒಳಗಾಗುತ್ತಾರೆ. ಅಷ್ಟು ವರ್ಷದ ನೆರೆಹೊರೆಯ ಸಂಬಂಧವನ್ನು ಒಂದು ಪಾರ್ಸೆಲ್‌ಗಾಗಿ ಕೆಡಿಸಿಕೊಳ್ಳಬೇಕೇ? ಬೇರೆ ದಿನಕ್ಕೆ ಬದಲಾಯಿಸಿ, ಅಥವಾ ಕಚೇರಿಯ ವಿಳಾಸ ಕೊಡಿ. ಎರಡೂ ಆಗದಿದ್ದರೆ ಅಂಗಡಿಯವರಿಂದ ವಿಡಿಯೋ ಕರೆ ಮಾಡಿಸಿ, ಡಬ್ಬದ ಆರೂ ಬದಿ ನೋಡಿ, ಆಮೇಲೆ ಒಟಿಪಿ ಹೇಳಿ.

ತೆರೆಯ ಮೇಲೆ: ಡಬ್ಬ ತೆರೆಯುವ ವಿಡಿಯೋ

ನಿರೂಪಕಿ: ಡಬ್ಬ ಮನೆಗೆ ಬಂದೇಬಿಟ್ಟಿದೆ ಎಂದುಕೊಳ್ಳಿ. ತೆರೆಯುವ ಮೊದಲು ಇನ್ನೊಬ್ಬರ ಕೈಗೆ ಕ್ಯಾಮೆರಾ ಕೊಡಿ. ವಿಳಾಸದ ಚೀಟಿಯಿಂದ ಆರಂಭಿಸಿ ಫೋನ್ ಆನ್ ಆಗುವವರೆಗೆ ಒಂದೇ ಓಟದ ಚಿತ್ರೀಕರಣ, ನಡುವೆ ಎಲ್ಲಿಯೂ ನಿಲ್ಲಿಸಬಾರದು. ಕತ್ತರಿ ತರಲು ಅಡುಗೆಮನೆಗೆ ಹೋದ ಆ ಅರ್ಧ ನಿಮಿಷವನ್ನೇ ಎದುರಿನವರು ಮುಂದೆ ಪ್ರಶ್ನಿಸುತ್ತಾರೆ. ಮೂಲ ಕಡತವನ್ನು ಹಾಗೆಯೇ ಉಳಿಸಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪ್ರತಿ ಕುಗ್ಗಿರುತ್ತದೆ, ಅದರಲ್ಲಿ ಚೀಟಿಯ ಅಕ್ಷರ ಓದಲಾಗದೇ ಹೋಗಬಹುದು.

ಫೋನ್ ಆನ್ ಆದ ಮೇಲೆ ಸ್ಟಾರ್, ಹ್ಯಾಶ್, 06, ಹ್ಯಾಶ್ ಒತ್ತಿ. 15 ಅಂಕಿಯ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ, ಬರುತ್ತದೆ. ಡಬ್ಬದ ಮೇಲಿನ ಸಂಖ್ಯೆಗೂ, ಬಿಲ್ಲಿನಲ್ಲಿ ನಮೂದಿಸಿದ್ದರೆ ಅದಕ್ಕೂ, ತಾಳೆ ಆಗಬೇಕು. ಆಮೇಲೆ ಕೆ, ವೈ, ಎಂ ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆದು, ಒಂದು ಜಾಗ ಬಿಟ್ಟು ಐಎಂಇಐ ಸೇರಿಸಿ 14422ಕ್ಕೆ ಸಂದೇಶ ಕಳಿಸಿ. ದೂರಸಂಪರ್ಕ ಇಲಾಖೆಯ ಈ ಸೇವೆ ಫೋನಿನ ಕಂಪನಿ ಮತ್ತು ಮಾದರಿಯನ್ನು ತಿಳಿಸುತ್ತದೆ. ಕಪ್ಪುಪಟ್ಟಿಗೆ ಸೇರಿದ ಫೋನ್ ಆಗಿದ್ದರೆ ಅದೂ ಗೊತ್ತಾಗುತ್ತದೆ.

ದೃಶ್ಯ: ಕನ್ನಡಕದ ಅಂಗಡಿಯ ಗಾಜಿನಂಥ ನುಣುಪು ಮೇಜಿನ ಮೇಲೆ ಫೋನ್ ಮಲಗಿಸಿ, ಪಕ್ಕದಿಂದ ನೋಟ.

ನಿರೂಪಕಿ: ಪೆಟ್ಟು ಬಿದ್ದ ಡಬ್ಬದಿಂದ ಬಂದ ಫೋನನ್ನು ಚಾರ್ಜಿಗೆ ಹಾಕುವ ಮೊದಲು ಸಮತಟ್ಟಾದ ಗಾಜಿನ ಮೇಲೆ ಮಲಗಿಸಿ ಪಕ್ಕದಿಂದ ನೋಡಿ. ಬೆನ್ನು ಬಾಗಿದ್ದರೆ, ಪರದೆ ಚೌಕಟ್ಟಿನಿಂದ ಕೂದಲೆಳೆಯಷ್ಟು ಎದ್ದಿದ್ದರೆ, ಚಾರ್ಜ್ ಮಾಡಲೇಬೇಡಿ. ಲಿಥಿಯಂ ಅಯಾನ್ ಬ್ಯಾಟರಿಯೊಳಗೆ ಧನ ಮತ್ತು ಋಣ ಪದರಗಳ ನಡುವೆ ಇರುವುದು ತೆಳ್ಳನೆಯ ಪೊರೆ. ಬ್ಯಾಟರಿ ಬಾಗಿದಾಗ ಅದು ಹರಿದರೆ ಒಳಗೇ ಶಾರ್ಟ್ ಸರ್ಕ್ಯೂಟ್ ಆಗಿ ಬಿಸಿ ಏರುತ್ತದೆ, ಬೆಂಕಿಯೂ ಹತ್ತಬಹುದು. ಗೀರು ಬಿದ್ದ ಗಾಜಿನ ಚಿಂತೆ ಇದರ ಮುಂದೆ ಏನೂ ಅಲ್ಲ.

ಬ್ಯಾಟರಿ ಕ್ಷೇಮ ಎನಿಸಿದರೆ ಉಳಿದ ಪರೀಕ್ಷೆ ಬೇಗ ಮುಗಿಯುತ್ತದೆ. ಒಂದು ಆ್ಯಪ್‌ನ ಚಿಹ್ನೆಯನ್ನು ಬೆರಳಲ್ಲಿ ಹಿಡಿದು ಪರದೆಯ ಮೂಲೆಮೂಲೆಗೂ ಎಳೆಯಿರಿ, ಎಲ್ಲಾದರೂ ಜಾರಿ ಬಿದ್ದರೆ ಅಲ್ಲಿ ಸ್ಪರ್ಶ ಸತ್ತಿದೆ. ಎಲ್ಲ ಕ್ಯಾಮೆರಾಗಳಲ್ಲೂ ವಿಡಿಯೋ ತೆಗೆಯಿರಿ, ಏಕೆಂದರೆ ಬಿದ್ದ ಫೋನಿನಲ್ಲಿ ಫೋಕಸ್ ಮಾಡುವ ಸೂಕ್ಷ್ಮ ಭಾಗ ಕೆಟ್ಟಿದ್ದರೆ ಚಿತ್ರ ನಡುಗುತ್ತದೆ. ಎರಡೂ ಸಿಮ್, ಸ್ಪೀಕರ್, ಬೆರಳಚ್ಚು ನೋಡಿಬಿಡಿ. ಇಟ್ಟುಕೊಳ್ಳುವುದು ಖಚಿತವಾಗುವವರೆಗೆ ಬ್ಯಾಂಕ್ ಆ್ಯಪ್ ಹಾಕಬೇಡಿ, ವಾಟ್ಸ್‌ಆ್ಯಪ್ ವರ್ಗಾಯಿಸಬೇಡಿ.

ದೋಷ ಕಂಡಿತೇ? ಅದೇ ದಿನ ಆ್ಯಪ್‌ನಲ್ಲಿ ದೂರು ದಾಖಲಿಸಿ. ಎಷ್ಟು ದಿನದೊಳಗೆ ತಿಳಿಸಬೇಕು ಎಂಬುದು ಆರ್ಡರ್ ಪುಟದಲ್ಲೇ ಇರುತ್ತದೆ. ಫೋನ್‌ಗಳಿಗೆ ಕೆಲವೆಡೆ ಬದಲಿ ಮಾತ್ರ ಸಿಗುತ್ತದೆ, ಹಣ ವಾಪಸ್ ಇಲ್ಲ ಎನ್ನುತ್ತಾರೆ. ಇನ್ನು ಕೆಲವರು ಸರ್ವಿಸ್ ಸೆಂಟರಿನಿಂದ ಡಿಒಎ ಪ್ರಮಾಣಪತ್ರ ತನ್ನಿ ಎನ್ನುತ್ತಾರೆ, ಅಂದರೆ ಬರುವಾಗಲೇ ಕೆಟ್ಟಿತ್ತು ಎಂಬ ಲಿಖಿತ ಒಪ್ಪಿಗೆ. ಸಹಾಯವಾಣಿಯ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲಿ ವಂಚಕರ ಸಂಖ್ಯೆಗಳೂ ಇರುತ್ತವೆ. ಯಾರಾದರೂ ಮರುಪಾವತಿಗೆಂದು ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸಿ ಹಣ ಎಗರಿಸಿದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ವಾಪಸ್ ಕೊಡುವ ಮೊದಲು ನಿಮ್ಮ ಗೂಗಲ್ ಅಥವಾ ಆ್ಯಪಲ್ ಖಾತೆಯನ್ನು ತೆಗೆದು, ಆಮೇಲೆ ರೀಸೆಟ್ ಮಾಡಿ. ಖಾತೆ ಉಳಿದುಬಿಟ್ಟರೆ ಫೋನ್ ಬೀಗ ಹಾಕಿಕೊಳ್ಳುತ್ತದೆ, ಅದನ್ನೇ ನೆಪ ಮಾಡಿ ಮರಳಿಸುತ್ತಾರೆ. ಜಜ್ಜಿದ ಹೊರ ಡಬ್ಬವನ್ನೂ ಬಿಸಾಡದಿರಿ. ಅದೇ ಸಾಕ್ಷ್ಯ.

ತೆರೆಯ ಮೇಲೆ: 1915

ನಿರೂಪಕಿ: ‘ನಮ್ಮ ನಿಯಮದಲ್ಲಿ ವಾಪಸಾತಿ ಇಲ್ಲ’ ಎಂದರೆ ಅಲ್ಲಿಗೆ ಕಥೆ ಮುಗಿಯುವುದಿಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೋಷವಿರುವ ವಸ್ತುವನ್ನು ವಾಪಸ್ ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಜಾಲತಾಣದ ದೂರು ಅಧಿಕಾರಿ 48 ಗಂಟೆಗಳೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕು. ಆದ್ದರಿಂದ ಚಾಟ್‌ನಲ್ಲಿ ಜಗಳವಾಡುವ ಬದಲು ಆ ಅಧಿಕಾರಿಗೇ ಇ-ಮೇಲ್ ಬರೆಯಿರಿ. ಅದೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಕೊನೆಯದು ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ದೊಡ್ಡ ಅನುಕೂಲವೆಂದರೆ ಮಾರಾಟಗಾರರು ಗುರುಗ್ರಾಮದಲ್ಲಿದ್ದರೂ ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಸುಳ್ಯದವರು ದಕ್ಷಿಣ ಕನ್ನಡದ ಆಯೋಗಕ್ಕೆ, ಕುಂದಾಪುರದವರು ಉಡುಪಿಯ ಆಯೋಗಕ್ಕೆ. 5 ಲಕ್ಷ ರೂಪಾಯಿಯವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ಕಡ್ಡಾಯವೂ ಇಲ್ಲ. ಘಟನೆ ನಡೆದ ಎರಡು ವರ್ಷದೊಳಗೆ ಸಲ್ಲಿಸಬೇಕು. ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ಬಿಲ್, ಡಬ್ಬದ ಚಿತ್ರಗಳು, ವಿಡಿಯೋ, ದೂರು ಅಧಿಕಾರಿಯೊಂದಿಗಿನ ಇ-ಮೇಲ್‌ಗಳು, ಇವಿಷ್ಟನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಲಗತ್ತಿಸಿ.