ನೆಲದ ಯಜಮಾನನನ್ನು ಕೇಳುವವರು ಯಾರು?

ನಮಸ್ಕಾರ. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳು ಮ್ಯಾನ್ಮಾರ್‌ಗೆ ಹೊಂದಿಕೊಂಡ ಥಾಯ್ಲೆಂಡಿನ ಗಡಿ ಪಟ್ಟಣ ಮೇ ಸೋಟ್‌ನಿಂದ 549 ಭಾರತೀಯರನ್ನು ಕರೆತಂದಾಗ, ನಮ್ಮ ಚರ್ಚೆಯೆಲ್ಲ ನೌಕರಿಯ ಆಸೆ ತೋರಿಸಿ ಅವರನ್ನು ಗಡಿ ದಾಟಿಸಿದ ದಲ್ಲಾಳಿಗಳ ಸುತ್ತಲೇ ನಡೆಯಿತು. ಅವರನ್ನು ಕೂಡಿಹಾಕಿ ಆನ್‌ಲೈನ್ ವಂಚನೆ ಮಾಡಿಸುತ್ತಿದ್ದ ಕಟ್ಟಡಗಳು ಯಾರ ನೆಲದಲ್ಲಿವೆ ಎಂದು ವಿಚಾರಿಸಿದವರು ಕಡಿಮೆ. ಆ ನೆಲಕ್ಕೊಬ್ಬ ಯಜಮಾನನಿದ್ದಾನೆ. ಮ್ಯಾನ್ಮಾರ್‌ನ ಕರೆನ್ ರಾಜ್ಯದಲ್ಲಿ ಸಾವಿರಾರು ಶಸ್ತ್ರಧಾರಿಗಳನ್ನು ಸಾಕಿಕೊಂಡಿರುವ ಆತನ ಹೆಸರು ಸಾ ಚಿಟ್ ಥು.

ಈತನನ್ನು ಕಾಡಿನಲ್ಲಿ ಅವಿತಿರುವ ಡಕಾಯಿತ ಎಂದುಕೊಂಡರೆ ಇಡೀ ವ್ಯವಹಾರವೇ ಅರ್ಥವಾಗುವುದಿಲ್ಲ. 1994ರ ಕೊನೆಯಲ್ಲಿ ಕರೆನ್ ಜನಾಂಗದ ಬಂಡುಕೋರರ ಪಡೆಯಲ್ಲಿದ್ದ ಬೌದ್ಧ ಸೈನಿಕರು ಕ್ರೈಸ್ತರೇ ಹೆಚ್ಚಿದ್ದ ನಾಯಕತ್ವದ ವಿರುದ್ಧ ಸಿಡಿದು, ಮ್ಯಾನ್ಮಾರ್ ಸೇನೆಯ ಜತೆ ಕೈಜೋಡಿಸಿದ ಬಣದಲ್ಲಿ ಬೆಳೆದವನು ಈತ. 2010ರಲ್ಲಿ ಆ ಬಣದ ದೊಡ್ಡ ಪಾಲು ಸೇನೆಯ ಅಧೀನದ ಗಡಿ ಕಾವಲು ಪಡೆಯಾಯಿತು. ಸರ್ಕಾರಿ ಮುದ್ರೆಯೂ ಸ್ವಂತ ಪ್ರದೇಶವೂ ಒಟ್ಟಿಗೆ ದಕ್ಕಿದ ಮೇಲೆ, 2017ರಲ್ಲಿ ಚೀನಾ ಮೂಲದ ಉದ್ಯಮಿ ಶೆ ಝಿಜಿಯಾಂಗ್ ಜತೆ ಸೇರಿ, ಥಾಯ್ ಗಡಿಯ ಮೋಯಿ ನದಿಯ ದಂಡೆಯ ಶ್ವೆ ಕೊಕ್ಕೊದಲ್ಲಿ 1,500 ಕೋಟಿ ಡಾಲರ್‌ಗಳ ಹೊಸ ನಗರ ಕಟ್ಟುವುದಾಗಿ ಸಾರಿದ್ದಾಯಿತು. ಮ್ಯಾನ್ಮಾರ್ ಹೂಡಿಕೆ ಆಯೋಗ 2018ರಲ್ಲಿ ಅನುಮತಿ ಕೊಟ್ಟದ್ದು 59 ವಿಲ್ಲಾಗಳಿಗೆ. ಎದ್ದು ನಿಂತದ್ದು ಜೂಜುಕಟ್ಟೆಗಳ ಊರು.

ಝಿಜಿಯಾಂಗ್ 2022ರಲ್ಲಿ ಬ್ಯಾಂಕಾಕ್‌ನಲ್ಲಿ ಬಂಧಿತನಾಗಿ, 2025ರಲ್ಲಿ ಚೀನಾಕ್ಕೆ ಹಸ್ತಾಂತರಗೊಂಡ. ಸಾ ಚಿಟ್ ಥುಗೆ ಅದೇ 2022ರಲ್ಲಿ ಸಿಕ್ಕಿದ್ದು ಸೇನಾಡಳಿತದ ಮುಖ್ಯಸ್ಥ ಮಿನ್ ಆಂಗ್ ಹ್ಲೈಂಗ್ ಕೊಟ್ಟ ಗೌರವ ಬಿರುದು! ಬಳಿಕ 2024ರಲ್ಲಿ ಸೇನೆಯಿಂದ ದೂರ ಸರಿದೆನೆಂದು ಘೋಷಿಸಿ, ಪಡೆಗೆ ಕರೆನ್ ನ್ಯಾಷನಲ್ ಆರ್ಮಿ ಎಂದು ಹೆಸರಿಟ್ಟ. ಆದರೆ ಅದೇ ವರ್ಷದ ಏಪ್ರಿಲ್‌ನಲ್ಲಿ ಬಂಡುಕೋರರು ಗಡಿ ಪಟ್ಟಣ ಮ್ಯಾವಡ್ಡಿಯನ್ನು ಹಿಡಿದಾಗ, ಸೇನೆ ಅಲ್ಲಿಗೆ ಮರಳಲು ನೆರವಾದದ್ದೂ ಇದೇ ಪಡೆ.

ಬ್ರಿಟನ್, ಐರೋಪ್ಯ ಒಕ್ಕೂಟಗಳ ನಂತರ, 2025ರ ಮೇನಲ್ಲಿ ಅಮೆರಿಕವೂ ಈತನ ಮೇಲೆ, ಇಬ್ಬರು ಮಕ್ಕಳ ಮೇಲೆ ನಿರ್ಬಂಧ ಹೇರಿತು. ವಂಚಕ ಕಂಪನಿಗಳಿಗೆ ಜಾಗ ಬಾಡಿಗೆಗೆ ಕೊಡುವುದು, ವಿದ್ಯುತ್ ಮತ್ತು ಕಾವಲು ಒದಗಿಸುವುದು ಈ ಪಡೆಯ ದಂಧೆ ಎಂಬುದು ಅಮೆರಿಕದ ಆರೋಪ. ನನ್ನ ದೃಷ್ಟಿಯಲ್ಲಿ ಇಡೀ ಜಾಲದ ಜೀವನಾಡಿ ಈ ಬಾಡಿಗೆಯೇ. ಕಂಪ್ಯೂಟರಿನ ಮುಂದೆ ಕೂರುವವರು, ಕೂರಿಸುವವರು ಬದಲಾಗುತ್ತಲೇ ಇರುತ್ತಾರೆ. ಒಂದು ಆವರಣ ಮುಚ್ಚಿದರೆ ಅದೇ ಬಂದೂಕಿನ ನೆರಳಿನಲ್ಲಿ ಇನ್ನೊಂದು ತೆರೆದುಕೊಳ್ಳುತ್ತದೆ. 2025ರ ಫೆಬ್ರವರಿಯಲ್ಲಿ ಥಾಯ್ಲೆಂಡ್ ಗಡಿಯಾಚೆಗಿನ ವಿದ್ಯುತ್, ಇಂಧನ, ಇಂಟರ್ನೆಟ್ ಕಡಿತಗೊಳಿಸಿದಾಗ ಸುಮಾರು 7,000 ಜನ ಹೊರಬಂದರು. ಅಷ್ಟಾದರೂ ಅಕ್ಟೋಬರ್‌ನಲ್ಲಿ ಸೇನೆ ಕೆಕೆ ಪಾರ್ಕ್ ಎಂಬ ವಂಚನೆಯ ಆವರಣದ ಮೇಲೆ ದಾಳಿ ಮಾಡಿದಾಗ, ಅಲ್ಲಿಂದ 1,500ಕ್ಕೂ ಹೆಚ್ಚು ಮಂದಿ ಥಾಯ್ಲೆಂಡಿಗೆ ಓಡಿಬಂದರು; ಅವರಲ್ಲಿ ನೂರಾರು ಭಾರತೀಯರಿದ್ದರು. ಆ ಪ್ರದೇಶ ಈತನ ಪಡೆಯ ಹಿಡಿತದಲ್ಲಿದ್ದರೂ, ಸೇನಾಡಳಿತದ ವಕ್ತಾರರು ಬೊಟ್ಟು ಮಾಡಿದ್ದು ತಮ್ಮ ವೈರಿಯಾದ, ಈತನ ಬಣ ಹಿಂದೆ ಸಿಡಿದು ಬಂದಿದ್ದ ಬಂಡಾಯ ಸಂಘಟನೆ ಕರೆನ್ ನ್ಯಾಷನಲ್ ಯೂನಿಯನ್‌ನ ಕಡೆಗೆ. ಆ ಸಂಘಟನೆ ಆರೋಪವನ್ನು ನಿರಾಕರಿಸಿದೆ.

ಡಿಜಿಟಲ್ ಅರೆಸ್ಟ್ ಎಂಬ ಬೆದರಿಕೆಯ ಕರೆಗೆ ಹೆದರಿ, ಬೆಂಗಳೂರಿನ ಹಿರಿಯರು ನಿವೃತ್ತಿಯ ಹಣವನ್ನು ಕಳೆದುಕೊಳ್ಳುತ್ತಿರುವಾಗ, ಇಂತಹ ವಂಚನೆಯ ದೊಡ್ಡ ಪಾಲು ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸ್‌ಗಳಿಂದಲೇ ನಡೆಯುತ್ತಿದೆ ಎಂದು ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಕೇಂದ್ರವೇ ಹೇಳಿರುವಾಗ, ಇದನ್ನು ದೂರದ ಗಡಿಯ ಸುದ್ದಿ ಎಂದು ಬಿಡಲಾಗದು. ನಮ್ಮ ಪ್ರಧಾನಿಯವರು 2025ರಲ್ಲಿ ಮಿನ್ ಆಂಗ್ ಹ್ಲೈಂಗ್ ಅವರನ್ನು ಬ್ಯಾಂಕಾಕ್‌ನಲ್ಲಿ, ಮತ್ತೆ ಟಿಯಾಂಜಿನ್‌ನಲ್ಲಿ ಭೇಟಿಯಾದರು. ನಮ್ಮವರನ್ನು ಬಿಡಿಸಲು ಅವರ ಸಹಕಾರ ಬೇಕೇ ಬೇಕು ಎಂಬುದನ್ನು ಒಪ್ಪುತ್ತೇನೆ. ಆದರೆ ಮುಂದಿನ ಭೇಟಿಯಲ್ಲಿ, 2022ರಲ್ಲಿ ಕೊಟ್ಟ ಆ ಬಿರುದನ್ನು ಹಿಂಪಡೆಯುವುದು ಯಾವಾಗ ಎಂದು ದಿಲ್ಲಿ ಕೇಳಬೇಕು.