ಸೂಜಿ ತಾಗದ ಗಡ್ಡೆಯ ಕಥೆ ಹೇಳಿ

ವೈರಸ್ಸನ್ನೇ ಔಷಧ ಮಾಡಿ ಸೂಜಿಯಿಂದ ಕ್ಯಾನ್ಸರ್ ಗಡ್ಡೆಗೆ ಚುಚ್ಚುವ ಚಿಕಿತ್ಸೆ ಒಂದಿದೆ. ವೈರಸ್‌ನಿಂದ ಕ್ಯಾನ್ಸರ್ ಮಾಯ ಅಂತ ತಲೆಬರಹ ಕಂಡರೆ ನಾನು ಹುಡುಕೋದು ಒಂದೇ ಅಂಕಿ. ಸೂಜಿ ತಾಗದ ಗಡ್ಡೆಗಳಲ್ಲಿ ಎಷ್ಟು ಕುಗ್ಗಿದವು? ಚುಚ್ಚಿದ ಗಡ್ಡೆ ಕರಗಿದರೆ ಸಂತೋಷವೇ, ಆದರೆ ಒಂದು ಗಡ್ಡೆಯನ್ನು ಸುಡೋಕೆ ರೇಡಿಯೇಶನ್ ಇದೆ. ವೈರಸ್ ಹಾಕಿಸಿಕೊಳ್ಳೋದು ದೇಹದ ರೋಗನಿರೋಧಕ ವ್ಯವಸ್ಥೆಯನ್ನು ಎಬ್ಬಿಸಲಿ ಅಂತ. ಅದು ಎದ್ದಿದೆಯಾ ಅನ್ನೋದು ಗೊತ್ತಾಗೋದು ದೂರದ ಗಡ್ಡೆಯಲ್ಲಿ.

ಟಿ-ವೆಕ್ ಅನ್ನೇ ತಗೊಳ್ಳಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರ ಅಕ್ಟೋಬರ್‌ನಲ್ಲಿ ಒಪ್ಪಿದ ಔಷಧ. ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರ್ ಆಪರೇಷನ್ ಆದ ಮೇಲೂ ಮರುಕಳಿಸಿ, ಮತ್ತೆ ಕತ್ತರಿಸಿ ತೆಗೆಯೋಕೆ ಆಗದಿದ್ದಾಗ ಕೊಡುವಂಥದ್ದು. ಒಳಗಿರೋದು ತುಟಿ ಅಂಚಿನಲ್ಲಿ ಗುಳ್ಳೆ ಎಬ್ಬಿಸುವ ಅದೇ ಹರ್ಪಿಸ್ ವೈರಸ್, ಮೂರು ಕಡೆ ಕೈಯಾಡಿಸಿದ್ದು.

ಐಸಿಪಿ 34.5 ಅನ್ನೋ ಜೀನ್ ತೆಗೆದಿದ್ದಾರೆ. ವೈರಸ್ ನುಗ್ಗಿದ ಕೂಡಲೇ ಆರೋಗ್ಯವಂತ ಜೀವಕೋಶ ತನ್ನ ಪ್ರೊಟೀನ್ ತಯಾರಿಕೆಯನ್ನೇ ನಿಲ್ಲಿಸಿಬಿಡುತ್ತೆ; ಆ ಬೀಗ ಮುರಿಯೋಕೆ ವೈರಸ್‌ಗೆ ಈ ಜೀನ್ ಬೇಕು. ಎಷ್ಟೋ ಕ್ಯಾನ್ಸರ್ ಕೋಶಗಳಲ್ಲಿ ಆ ಬೀಗವೇ ಕೆಟ್ಟಿರುತ್ತೆ. ಹಾಗಾಗಿ ವೈರಸ್ ಅಲ್ಲಿ ಹೆಚ್ಚುತ್ತೆ, ಬೇರೆ ಕಡೆ ಸೋಲುತ್ತೆ. ಎರಡನೆಯದು ಐಸಿಪಿ 47. ಸೋಂಕಿತ ಕೋಶವನ್ನು, ಅಂಥದ್ದನ್ನು ಹುಡುಕಿ ಕೊಲ್ಲುವ ಟಿ-ಕೋಶಗಳ ಕಣ್ಣಿಂದ ಮರೆಮಾಡುವ ಜೀನ್ ಅದು, ಅದನ್ನೂ ಕಿತ್ತಿದ್ದಾರೆ. ಬದಲಿಗೆ ಜಿಎಂ-ಸಿಎಸ್‌ಎಫ್ ತಯಾರಿಸುವ ಮನುಷ್ಯರ ಜೀನ್ ಸೇರಿಸಿದ್ದಾರೆ. ಆ ಪ್ರೊಟೀನ್ ಡೆಂಡ್ರೈಟಿಕ್ ಕೋಶಗಳನ್ನು ಕರೆಯುತ್ತೆ. ಕ್ಯಾನ್ಸರ್ ಕೋಶ ಒಡೆದು ಅದರ ಗುಟ್ಟೆಲ್ಲ ಹೊರಗೆ ಚೆಲ್ಲಿದಾಗ ಹೆಕ್ಕಿಕೊಂಡು ಟಿ-ಕೋಶಗಳಿಗೆ ತೋರಿಸೋದು ಈ ಡೆಂಡ್ರೈಟಿಕ್ ಕೋಶಗಳೇ. ಊರಿಗೆಲ್ಲ ಡಂಗುರ ಹೊಡೆದ ಹಾಗೆ. ಲೆಕ್ಕಾಚಾರ ಅದು.

ಕೊಡೋ ಕ್ರಮ ನೋಡಿ. ಔಷಧ ಇರೋದು ಮೈನಸ್ 70ರಿಂದ ಮೈನಸ್ 90 ಡಿಗ್ರಿಯಲ್ಲಿ. ಕರಗಿಸುವಾಗ ಕುಲುಕಬಾರದು, ಮೆಲ್ಲಗೆ ತಿರುಗಿಸಬೇಕು. ಮೊದಲ ಸಲ ಮಿಲಿಲೀಟರಿಗೆ 10 ಲಕ್ಷ ವೈರಸ್ ಘಟಕ ಮಾತ್ರ, ಹರ್ಪಿಸ್ ಹಿಂದೆಂದೂ ತಾಗಿರದವರ ಮೈ ಪ್ರತಿಕಾಯ ಕಟ್ಟಿಕೊಳ್ಳಲಿ ಅಂತ. ಮೂರು ವಾರ ಬಿಟ್ಟು ನೂರು ಪಟ್ಟು, ಅಂದರೆ ಮಿಲಿಲೀಟರಿಗೆ 10 ಕೋಟಿ. ಆಮೇಲೆ ಎರಡು ವಾರಕ್ಕೊಮ್ಮೆ. 5 ಸೆಂ.ಮೀ. ಮೀರಿದ ಗಡ್ಡೆಗೆ 4 ಮಿ.ಲೀ. ತನಕ, ಅರ್ಧ ಸೆಂ.ಮೀ. ಒಳಗಿನದಕ್ಕೆ 0.1 ಮಿ.ಲೀ. ಒಂದೇ ತೂತಿನಿಂದ ಸೂಜಿಯ ದಿಕ್ಕು ಬದಲಿಸುತ್ತಾ ಗಡ್ಡೆಯೊಳಗೆಲ್ಲ ಹರಡಬೇಕು. ಮೇಲೆ ಗಾಳಿ, ನೀರು ಹೋಗದಂಥ ಡ್ರೆಸ್ಸಿಂಗ್, ಕನಿಷ್ಠ ಒಂದು ವಾರ. ಅದನ್ನು ಬದಲಿಸುವ ಮನೆಯವರಿಗೆ ಗ್ಲೌಸ್ ಬೇಕೇ ಬೇಕು, ಒಳಗಿರೋದು ಜೀವಂತ ವೈರಸ್. ಗರ್ಭಿಣಿಯರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಇದು ನಿಷಿದ್ಧ. ಚಳಿ, ಜ್ವರ, ಸುಸ್ತು ಸಾಮಾನ್ಯ. ಕೈಮೀರಿದರೆ ಹರ್ಪಿಸ್ ಹತ್ತಿಕ್ಕುವ ಔಷಧ ಅಸೈಕ್ಲೋವಿರ್ ಇದೆ.

ಇಲ್ಲಿ ಎಡವೋದು ಎಲ್ಲಿ ಗೊತ್ತಾ? ಗಡ್ಡೆ ಕುಗ್ಗುವ ಮೊದಲು ಉಬ್ಬಬಹುದು, ಹೊಸ ಗಂಟೂ ಕಾಣಿಸಬಹುದು. ಹೆದರಿ ಅಲ್ಲಿಗೇ ನಿಲ್ಲಿಸಿದರೆ ಫಲ ಸಿಗಬಹುದಾಗಿದ್ದವರಿಗೂ ಸಿಗಲ್ಲ. ಬೇರೆ ಚಿಕಿತ್ಸೆಯ ತುರ್ತಿಲ್ಲದಿದ್ದರೆ ಆರು ತಿಂಗಳಾದರೂ ಮುಂದುವರಿಸಿ ಅನ್ನುತ್ತೆ ಔಷಧದ ಸೂಚನೆ.

ಈಗ ಅಂಕಿಗೆ ಬರೋಣ. 436 ಜನರ ಆಪ್ಟಿಮ್ ಪ್ರಯೋಗದಲ್ಲಿ ಆರು ತಿಂಗಳಾದರೂ ನಿಂತ ಫಲ ಸಿಕ್ಕಿದ್ದು ಟಿ-ವೆಕ್ ಪಡೆದವರಲ್ಲಿ ಶೇ. 16.3 ಜನಕ್ಕೆ; ಬರೀ ಜಿಎಂ-ಸಿಎಸ್‌ಎಫ್ ಪಡೆದವರಲ್ಲಿ ಶೇ. 2.1. ಚುಚ್ಚಿದ ಗಡ್ಡೆಗಳಲ್ಲಿ ಶೇ. 64 ಅರ್ಧಕ್ಕರ್ಧ ಅಥವಾ ಇನ್ನೂ ಹೆಚ್ಚು ಕುಗ್ಗಿದವು. ಚುಚ್ಚದೆ ಬಿಟ್ಟ ಚರ್ಮದ, ದುಗ್ಧರಸ ಗ್ರಂಥಿಯ (ಲಿಂಫ್ ನೋಡ್) ಗಡ್ಡೆಗಳಲ್ಲಿ ಶೇ. 34. ಶ್ವಾಸಕೋಶ, ಲಿವರ್‌ನಂಥ ಒಳ ಅಂಗಗಳಲ್ಲಿ ಬರೀ ಶೇ. 15. ಡಂಗುರ ಕೇಳಿಸಿದ್ದು ನಿಜ, ದೂರ ಹೋದ ಹಾಗೆ ಕ್ಷೀಣ. ಮೆಲನೋಮಾದಲ್ಲಿ ಜೀವ ತೆಗೆಯೋದು ಹೆಚ್ಚಾಗಿ ಆ ಒಳಗಿನ ಗಡ್ಡೆಗಳೇ.

ಹಾಗಾದರೆ ಪೆಂಬ್ರೊಲಿಜುಮಾಬ್ ಅನ್ನೋ ಇನ್ನೊಂದು ಕ್ಯಾನ್ಸರ್ ಔಷಧದ ಜತೆ ಸೇರಿಸೋಣ, ವೈರಸ್ ಎಬ್ಬಿಸಲಿ, ಆ ಔಷಧ ಟಿ-ಕೋಶಗಳ ಬ್ರೇಕ್ ಬಿಡಿಸಲಿ ಅಂದರು. ತರ್ಕ ಸೊಗಸಾಗಿತ್ತು. 21 ಜನರ ಮೊದಲ ಹಂತದಲ್ಲಿ ಶೇ. 62ರಷ್ಟು ಮಂದಿಗೆ ಫಲ ಕಂಡಿತು, ಎಲ್ಲರೂ ಕುಣಿದಾಡಿದರು. ಆಮೇಲೆ 692 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಎಲ್ಲರಿಗೂ ಪೆಂಬ್ರೊಲಿಜುಮಾಬ್ ಕೊಟ್ಟು, ಅದರ ಜತೆ ಒಂದಕ್ಕೆ ವೈರಸ್, ಇನ್ನೊಂದಕ್ಕೆ ಹುಸಿ ಔಷಧ ಕೊಟ್ಟು ನೋಡಿದರು. ರೋಗ ತಡೆದಿಡುವುದರಲ್ಲಾಗಲಿ ಆಯಸ್ಸಿನಲ್ಲಾಗಲಿ ಖಚಿತ ಲಾಭ ಕಾಣಲಿಲ್ಲ.

ಅದಕ್ಕೇ ಆರ್‌ಪಿ1 ಅನ್ನೋ ಹೊಸ ಹರ್ಪಿಸ್ ಔಷಧದ ವಿಷಯದಲ್ಲಿ ನಾನು ಎಫ್‌ಡಿಎ ಕಡೆ. ಪೆಂಬ್ರೊಲಿಜುಮಾಬ್ ಥರದ ಔಷಧ ಫಲ ಕೊಡದ 140 ಮಂದಿಯಲ್ಲಿ ಮೂರನೇ ಒಂದು ಭಾಗಕ್ಕೆ ಗಡ್ಡೆ ಕುಗ್ಗಿತು. ಕೈಚೆಲ್ಲಿದವರ ಪಾಲಿಗೆ ಇದು ಸಣ್ಣದೇನಲ್ಲ. ಆದರೆ ಹೋಲಿಸಿ ನೋಡೋಕೆ ಇನ್ನೊಂದು ಗುಂಪೇ ಇರಲಿಲ್ಲ. 2025ರ ಜುಲೈನಲ್ಲಿ ಎಫ್‌ಡಿಎ ಅರ್ಜಿ ವಾಪಸ್ ಕಳಿಸಿದಾಗ ನಿರ್ದಯ ಅಂತ ಬೈದವರು ಬಹಳ ಜನ. ಆ ಸಂಕಟ ಅರ್ಥವಾಗುತ್ತೆ. ಆದರೂ 21ರಿಂದ 692ಕ್ಕೆ ಹೋದಾಗ ಏನಾಯಿತು ಅಂತ ನೋಡಿಯೂ ಹೋಲಿಕೆಯ ಗುಂಪು ಬೇಡ ಅನ್ನೋದು ನನ್ನಿಂದಾಗಲ್ಲ.